ಮುನ್ನೂರು ಅಡಿಯ ಪಡಸಾಲೆ

ನಮ್ಮೂರಲ್ಲಿ ಮನುಷ್ಯರ ಮಾತು ನಡೆದುಕೊಂಡು ಬರುತ್ತದೆ. ಒಂದು ಮಾರಿನ ಒಳಗೆ, ಎಂದರೆ ಎರಡು ಕೈ ಚಾಚಿದಷ್ಟು ದೂರದಲ್ಲಿ, ನಿಂತು ಮಾತಾಡಿದರೆ ಏನೂ ತೊಂದರೆಯಿಲ್ಲ, ಅಂದದ್ದು ಅಂದ ಕೂಡಲೇ ಕಿವಿಗೆ ಬೀಳುತ್ತದೆ. ಮಾರು ದಾಟಿತೋ, ಕಾಲೆಳೆಯಲು ಶುರುಮಾಡುತ್ತದೆ. ಅಡುಗೆಮನೆಯಲ್ಲಿ ಆಡಿದ್ದು ಜಗಲಿಗೆ ಬರುವುದಕ್ಕೆ ಇಪ್ಪತ್ತು ನಿಮಿಷ, ಎದುರುಮನೆಗೆ ಹೋಗುವುದಕ್ಕೆ ಅರ್ಧ ಗಂಟೆ. ನಾಯಿ ಬೊಗಳುವುದು, ಬಸ್ಸಿನ ಹಾರನ್ನು, ಕುಕ್ಕರಿನ ಸೀಟಿ ಎಲ್ಲ ತಕ್ಷಣ ಕೇಳುತ್ತವೆ. ಮನುಷ್ಯರದು ಮಾತ್ರ ನಿಧಾನ. ಆದ್ದರಿಂದ ನಮ್ಮ ಹೆಂಗಸರು ಅನ್ನಕ್ಕೆ ಎಸರಿಡುವ ಮುಂಚೆಯೇ "ಊಟಕ್ಕೆ ಬನ್ರೀ" ಎಂದು ಕೂಗಿಬಿಡುತ್ತಾರೆ. ಶಾಲೆಯಲ್ಲಿ ಹಿಂದಿನ ಬೆಂಚಿನವರು ಇಪ್ಪತ್ತು ನಿಮಿಷ ತಡವಾಗಿ ಬಂದು ಇಪ್ಪತ್ತು ನಿಮಿಷ ತಡವಾಗಿ ಮನೆಗೆ ಹೋಗುತ್ತಾರೆ. "ಕಳ್ಳ, ಕಳ್ಳ" ಎಂದು ಕೂಗಿದ್ದು ಪಕ್ಕದ ಬೀದಿಗೆ ಕೇಳುವಷ್ಟರಲ್ಲಿ ಕಳ್ಳ ಕೈಕಾಲು ತೊಳೆದು ಊಟಕ್ಕೆ ಕೂತಿರುತ್ತಾನೆ. ಯಾರೂ ಇದನ್ನು ದೊಡ್ಡ ವಿಷಯ ಮಾಡಿಕೊಂಡಿಲ್ಲ. ಜಗಳ ಬೇಕೆನಿಸಿದವರು ಹತ್ತಿರ ಬಂದು ಆಡುತ್ತಾರೆ, ಬೇಡವೆನಿಸಿದವರು ದೂರ ನಿಂತು ಬೈದು ತಮ್ಮ ಪಾಡಿಗೆ ತಾವು ಹೋಗುತ್ತಾರೆ.

ಹೆಣ್ಣು ನೋಡುವ ಶಾಸ್ತ್ರಕ್ಕೆ ಮಾತ್ರ ಒಂದು ಕಟ್ಟುನಿಟ್ಟಿದೆ. ಹುಡುಗಿ ಒಳಕೋಣೆಯಲ್ಲಿ ಪರದೆಯ ಹಿಂದೆ ಕೂತು "ಆಗಲಿ" ಅಂತಲೋ "ಬೇಡ" ಅಂತಲೋ ಒಂದೇ ಮಾತು ಹೇಳಬೇಕು. ಹುಡುಗ ಹನ್ನೆರಡು ಹೆಜ್ಜೆ ಆಚೆ ಹಜಾರದಲ್ಲಿ ಕೂತು ಆ ಮಾತು ಬರುವವರೆಗೆ ಕಾಯಬೇಕು. ಎದ್ದು ಎದುರು ಹೋಗಿ ಕೇಳಿಸಿಕೊಂಡರೆ ಮರ್ಯಾದೆಗೆಟ್ಟವನು ಅಂತ ಲೆಕ್ಕ. ಅಂಥವನಿಗೆ ಆಮೇಲೆ ಯಾರೂ ಹೆಣ್ಣು ಕೊಡುವುದಿಲ್ಲ. ಇಪ್ಪತ್ತೈದು ನಿಮಿಷ ಬೆವರು ಒರೆಸಿಕೊಳ್ಳುತ್ತ ಕೂತ ಗಂಡಸರು ನಮ್ಮೂರಲ್ಲಿ ಮನೆಮನೆಗೂ ಇದ್ದಾರೆ, ಆದರೆ ಅದನ್ನು ನನ್ನ ಸೋದರತ್ತೆಯ ಗಂಡ ಸಿದ್ದಪ್ಪ ಮಾವನ ಹಾಗೆ ಜೀವನಪೂರ್ತಿ ಹೇಳಿಕೊಂಡು ತಿರುಗಿದವರು ಇಲ್ಲ.

ಸಿದ್ದಪ್ಪ ಮಾವ ಸರ್ವೆ ಇಲಾಖೆಯಲ್ಲಿ ನೆಲ ಅಳೆದು ರಿಟೈರ್ ಆದವರು. ಸಣಕಲು ಮೈ, ಕೈಯಲ್ಲಿ ಮಳೆಯಿರಲಿ ಬಿಸಿಲಿರಲಿ ಒಂದು ಕೊಡೆ. ಮಾತಾಡಿಸಿದವರನ್ನು ಒಂದು ಮಾರಿನೊಳಗೆ ಎಳೆದುಕೊಂಡು, "ನಮ್ಮ ನಾಗೂ ಹನ್ನೆರಡು ಹೆಜ್ಜೆ ಆಚೆಯಿಂದ 'ಆಗಲಿ' ಅಂದ್ಲು ಕಣ್ರೀ, ಎಂಥ ದನಿ ಅಂತೀರಿ" ಎಂದು ಶುರುಮಾಡಿದರೆ ಅವರ ಕೊಡೆಯ ತುದಿ ನಮ್ಮ ಕಾಲಿನ ಮೇಲೆ ಬಂದು ನಿಂತಿರುತ್ತಿತ್ತು, ತಪ್ಪಿಸಿಕೊಳ್ಳುವ ಹಾಗಿಲ್ಲ. ನಾಗತ್ತೆ ಆಗೆಲ್ಲ ಏನೋ ಕೆಲಸ ನೆನಪಾದವರಂತೆ ಎದ್ದು ಒಳಗೆ ಹೋಗುತ್ತಿದ್ದರು. ನಾಚಿಕೆ ಇರಬೇಕು ಅಂದುಕೊಂಡಿದ್ದೆ ನಾನು.

ಈ ವರ್ಷ ನಮ್ಮ ಬೀದಿಯವರೆಲ್ಲ ಸೇರಿ ಒಂದು ದಿನದ ಪ್ರವಾಸ ಹೊರಟೆವು, ಪ್ರೊಫೆಸರ್ ಸೂರಪ್ಪನವರ ತೋಟದ ಮನೆಗೆ. ಈಗ ತೀರಿಕೊಂಡಿರುವ ಸೂರಪ್ಪನವರು ದೊಡ್ಡ ವಿಜ್ಞಾನಿ; ಮಾತಿನ ನಡಿಗೆಯನ್ನು ಮೊಟ್ಟಮೊದಲು ಅಳೆದವರು. ಅದಕ್ಕಾಗಿಯೇ ಆ ಮನೆಯಲ್ಲಿ ಮುನ್ನೂರು ಅಡಿ ಉದ್ದದ ಒಂದು ಪಡಸಾಲೆ ಕಟ್ಟಿಸಿದ್ದರು. ಒಂದು ತುದಿಯಲ್ಲಿ ಹಿತ್ತಾಳೆಯ ತಗಡು, ಅದರ ಮೇಲೆ ನಿಂತು ಮಾತಾಡಬೇಕು. ಇನ್ನೊಂದು ತುದಿಯಲ್ಲಿ ಅವರು ಕೂರುತ್ತಿದ್ದ ಬೆತ್ತದ ಕುರ್ಚಿ. ಬೆಳಗ್ಗೆ ಒಂಬತ್ತೂವರೆಗೆ ಒಂದು ಮಾತು ಹೇಳಿ, ಮನೆಯೆಲ್ಲ ನೋಡಿ, ಊಟ ಮುಗಿಸಿ, ಒಂದೂವರೆಗೆ ಕುರ್ಚಿಯ ಹತ್ತಿರ ಸೇರಿದರೆ ನಮ್ಮ ಮಾತು ನಮಗೇ ಬಂದು ಕೇಳುತ್ತದೆ. ಇದನ್ನು ನೋಡಲು ಜನ ದೂರದೂರದಿಂದ ಬರುತ್ತಾರೆ.

ಬಸ್ಸಿನಲ್ಲಿ ಮಾವ ಕಂಡಕ್ಟರಿಗೆ ತಮ್ಮ ಕಥೆ ಹೇಳಿದರು. ಆಮೇಲೆ ಹಿಂದಿನ ಸೀಟಿನವರಿಗೆ ಹೇಳಿದರು. ಎರಡನೇ ಸಲ ಹೇಳುವಾಗ, ಅತ್ತೆ "ಆಗಲಿ" ಅನ್ನುವುದರ ಜೊತೆಗೆ ಪರದೆ ಸರಿಸಿ ನಕ್ಕಿದ್ದರು ಎಂಬುದೂ ಸೇರಿಕೊಂಡಿತು. ಅತ್ತೆ ನನ್ನ ಪಕ್ಕದಲ್ಲಿ ಕೂತು ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಇದ್ದರು.

"ನಕ್ಕಿದ್ರಾ ಅತ್ತೆ?" ಎಂದು ಕೆಣಕಿದೆ.

"ನಗ್ತೀನಿ, ನಗ್ತೀನಿ. ಇವತ್ತು ಮನೆಗೆ ಹೋಗ್ಲಿ, ಆಮೇಲೆ ನಗ್ತೀನಿ" ಅಂದರು.

ತೋಟದ ಮನೆಯ ಮೇಲ್ವಿಚಾರಕ ಚೆನ್ನವೀರಯ್ಯ ಎಂಬುವರು ನಮ್ಮನ್ನು ಬಾಗಿಲಲ್ಲೇ ಎದುರುಗೊಂಡರು. ಸೂರಪ್ಪನವರ ಮೇಲೆ ಅವರಿಗೆ ಎಷ್ಟು ಗೌರವವೆಂದರೆ, ಪ್ರೊಫೆಸರರ ಚಪ್ಪಲಿ ತೋರಿಸುವಾಗ ತಮ್ಮ ಚಪ್ಪಲಿ ಬಿಟ್ಟರು. ಪಡಸಾಲೆಗೆ ಕಿಟಕಿಯಿಲ್ಲ, ಗಾಳಿ ಬಂದರೆ ಮಾತು ದಾರಿ ತಪ್ಪುತ್ತದಂತೆ. ಬೆಳಕಿಗೆ ಮಾತ್ರ ಅಲ್ಲಲ್ಲಿ ಗಾಜಿನ ಹೆಂಚು. ಗೋಡೆಯ ಮೇಲೆ ಅಡಿಅಡಿಗೂ ನಂಬರು ಬರೆದಿದ್ದರು. ಮಾವ ಅದನ್ನು ಕಂಡದ್ದೇ ತಡ, ಸರ್ವೆ ಇಲಾಖೆಯ ರಕ್ತ ಕುದಿದು, ಒಂದರಿಂದ ಹತ್ತರವರೆಗೆ ಕೊಡೆಯಿಂದ ಅಳೆದು ನೋಡಿ ತಲೆದೂಗಿದರು. ಆಮೇಲೆ ಹೆಂಡತಿಯ ಕಡೆ ತಿರುಗಿದರು.

"ನಾಗೂ, ನಾನು ಹೋಗಿ ಆ ಕುರ್ಚೀಲಿ ಕೂತ್ಕೋತೀನಿ. ನೀನು ಇಲ್ಲಿ ನಿಂತು ಆವತ್ತಿನ ಮಾತು ಇನ್ನೊಂದ್ಸಲ ಹೇಳು. ಆವತ್ತು ಹನ್ನೆರಡು ಹೆಜ್ಜೆ. ಇವತ್ತು ಮುನ್ನೂರಡಿ!"

"ಏನು ಹುಡುಗಾಟ ನಿಮ್ದು? ಮನೆ ನೋಡ್ಕೊಂಡು ಬನ್ನಿ, ಊಟದ ಹೊತ್ತಿಗೆ ಕೂತ್ರಾಯ್ತು."

"ಶಾಸ್ತ್ರ ಅಂದ್ರೆ ಶಾಸ್ತ್ರ. ಮಾತು ಹೊರಡೋ ಮುಂಚೆ ಕೂರ್ಬೇಕು, ಬರೋವರ್ಗೂ ಏಳ್ಬಾರ್ದು." ಚೆನ್ನವೀರಯ್ಯನವರಿಗೂ, ಬಸ್ಸಿನವರಿಗೂ ಸೇರಿಸಿ ಹೇಳಿದರು: "ಎಲ್ರೂ ಒಂದೂವರೆಗೆ ಬಂದ್ಬಿಡಿ. ನೀವೇ ಕಿವಿಯಾರೆ ಕೇಳೋರಂತೆ." ಕೊಡೆ ಬೀಸುತ್ತ ಹೊರಟೇಹೋದರು. ಅವರು ಆ ತುದಿ ಸೇರಿ ಕುರ್ಚಿಯಲ್ಲಿ ಕೂತದ್ದು ಇಲ್ಲಿಂದ ಹೆಬ್ಬೆರಳುದ್ದ ಕಾಣುತ್ತಿತ್ತು.

ಒಬ್ಬೊಬ್ಬರಾಗಿ ತಗಡಿನ ಮೇಲೆ ನಿಂತು ತಮಗೆ ತೋಚಿದ್ದನ್ನು ಹೇಳಿದರು. ಕಂಡಕ್ಟರ್ "ರೈಟ್ ರೈಟ್" ಅಂದ. ಒಬ್ಬ ಅಜ್ಜಿ ಮೈಕು ಅಂತ ತಿಳಿದು ತಮ್ಮ ಹೆಸರು, ವಿಳಾಸ ಹೇಳಿದರು. ಕೊನೆಗೆ ನಾಗತ್ತೆ ನಿಂತರು. ಉಳಿದವರೆಲ್ಲ ಹೊರಗೆ ಹೋಗಿದ್ದರು, ನಾನೊಬ್ಬಳು ಪಕ್ಕದಲ್ಲಿದ್ದೆ. ಅತ್ತೆ ಸೆರಗಿನ ಅಂಚನ್ನು ಬೆರಳಿಗೆ ಬಿಗಿಯಾಗಿ ಸುತ್ತಿಕೊಂಡರು. ಆಮೇಲೆ ಆ ಹೆಬ್ಬೆರಳುದ್ದದ ಮನುಷ್ಯನನ್ನೇ ನೋಡುತ್ತ ಹೇಳಿಬಿಟ್ಟರು:

"ಆವತ್ತು 'ಆಗಲಿ' ಅಂದಿದ್ದು ನಾನಲ್ಲ. ನಮ್ಮತ್ತಿಗೆ. ನನ್ನ ಬಾಯಿಂದ ಒಂದಕ್ಷರಾನೂ ಬಂದಿಲ್ಲ."

ಅತ್ತೆಯ ಅತ್ತಿಗೆ ಎಂದರೆ ನನ್ನ ಅಮ್ಮ. ನಾನು ಬಾಯಿ ತೆರೆದುಕೊಂಡು ನಿಂತೆ.

"ನಮ್ಮಮ್ಮನಾ?" ಎಂದು ಪಿಸುಗುಟ್ಟಿದೆ, ಪಿಸುಮಾತು ಮಾರು ದಾಟುವುದಿಲ್ಲ.

"ನಿಮ್ಮಮ್ಮನೇ. ಕೋಣೇಲಿ ಇದ್ದಿದ್ದು ನಾವಿಬ್ರೇ. ನನಗೆ ಬೇಕೋ ಬೇಡವೋ ಅಂತಲೇ ಗೊತ್ತಾಗ್ದೆ ಕೂತಿದ್ದೆ, ಹತ್ತೊಂಬತ್ತು ವರ್ಷ ನನಗೆ. ಅವಳು ಒಲೆ ಮೇಲೆ ಹಾಲಿಟ್ಟು ಬಂದಿದ್ಲು. ಉಕ್ಕತ್ತೆ, ಬೇಗ ಹೇಳೇ, ಬೇಗ ಹೇಳೇ ಅಂತ ಪಿಸುಗುಟ್ಟಿದ್ಲು. ನಾನು ಹೇಳಲಿಲ್ಲ. ಅವಳೇ 'ಆಗಲಿ' ಅಂತ ಕೂಗಿ ಹಾಲಿಳಿಸೋಕೆ ಓಡಿದ್ಲು."

ನನಗೆ ನಗು ಬಂತು. ಅಮ್ಮ ಇವತ್ತಿಗೂ ಹಾಗೆಯೇ, ಎದುರಿನವರ ವಾಕ್ಯವನ್ನು ತಾನೇ ಮುಗಿಸಿ ಎದ್ದುಹೋಗುವವಳು. ಆದರೆ ಅತ್ತೆಯ ಮುಖ ನೋಡಿ ನಗು ನಿಂತಿತು. ಕೋಪವೆಲ್ಲ ಮಾತಿನ ಜೊತೆಗೇ ಹೊರಟುಹೋಗಿ, ಈಗ ಅಲ್ಲಿ ಭಯವೊಂದೇ ಇತ್ತು.

"ಅಯ್ಯೋ ದಾಕ್ಷಿ, ಏನು ಹೇಳ್ಬಿಟ್ಟೆ ನಾನು! ಅವರು ಅದನ್ನ ಕೇಳಿದ್ರೆ ಕುಸಿದುಹೋಗ್ತಾರೆ ಕಣೇ."

ಮಾತು ಆಗಲೇ ಆರನೇ ಅಡಿಗೆ ಹೋಗಿತ್ತು. ನಾನು ಅಲ್ಲಿಗೆ ಹೋಗಿ ಕಿವಿಗೊಟ್ಟೆ, "ಒಂದಕ್ಷರಾನೂ ಬಂದಿಲ್ಲ" ಎಂದು ಖಡಕ್ಕಾಗಿ ಕೇಳಿತು. ಅತ್ತೆ ಓಡಿಬಂದು, ನೊಣ ಓಡಿಸುವವರಂತೆ ಸೆರಗು ಬೀಸಿದರು. ಮಾತು ಅದರ ಪಾಡಿಗೆ ಏಳನೇ ಅಡಿಗೆ ನಡೆಯಿತು. ಎದುರು ನಿಂತು ಎದೆ ಕೊಟ್ಟರು. ಅವರಿಗೇ ಒಂದು ಸಲ ಕೇಳಿಸಿ, ಅವರನ್ನು ದಾಟಿ ಹೋಯಿತು. ತಾವು ಆಡಿದ್ದನ್ನು ತಾವೇ ಕೇಳಿಸಿಕೊಂಡು ಅತ್ತೆ ಎರಡು ಕಿವಿಯನ್ನೂ ಮುಚ್ಚಿಕೊಂಡರು.

ಚೆನ್ನವೀರಯ್ಯನವರನ್ನು ಹುಡುಕಿಕೊಂಡು ಹೋದೆವು. ಅವರು ಬಸ್ಸಿನವರಿಗೆ ಪ್ರೊಫೆಸರರ ಹಲ್ಲುಪುಡಿ ಡಬ್ಬಿಯ ಬಗ್ಗೆ ವಿವರಿಸುತ್ತಿದ್ದರು.

"ಸ್ವಾಮಿ, ಹೊರಟ ಮಾತನ್ನ ಹಿಂದಕ್ಕೆ ಕರೆಯೋದು ಹೇಗೆ?" ಎಂದು ಅತ್ತೆ ಕೇಳಿದರು.

ಅವರ ಮುಖ ಅರಳಿತು. "ಬಹಳ ಒಳ್ಳೇ ಪ್ರಶ್ನೆ ತಾಯಿ. ಸೂರಪ್ಪನವರು ಜೀವಮಾನದ ಕೊನೇ ಹದಿನೆಂಟು ವರ್ಷ ಇದನ್ನೇ ಹುಡುಕಿದ್ದು" ಎಂದು ಒಂದು ಕೋಣೆಯ ಬೀಗ ತೆಗೆದರು. ಒಳಗೆ ಮೀನಿನ ಬಲೆ, ಹತ್ತಿಯ ದಪ್ಪ ಪರದೆ, ನೆನೆಸಿದ ಗೋಣಿಚೀಲ ನೇತುಹಾಕುವ ಚೌಕಟ್ಟು, ಆಳೆತ್ತರದ ಬೀಸಣಿಗೆ, ತೂತು ಬಿದ್ದ ದೊಡ್ಡ ಹಂಡೆ ಎಲ್ಲ ಸಾಲಾಗಿದ್ದವು. "ಇದೆಲ್ಲಾ ಅವರು ಬಳಸಿದ ಉಪಕರಣಗಳು."

"ಯಾವುದರಲ್ಲಿ ಆಯ್ತು?"

"ಯಾವುದರಲ್ಲೂ ಆಗಲಿಲ್ಲ."

"ಮತ್ತೆ ಇಷ್ಟೊಂದು ಯಾಕೆ ಇಟ್ಕೊಂಡಿದೀರಿ?"

"ಅವರು ಸೋತಿದ್ದೂ ಶಾಸ್ತ್ರೋಕ್ತವಾಗಿ ಸೋತಿದ್ದು ತಾಯಿ" ಅಂದರು ಚೆನ್ನವೀರಯ್ಯ. ಅವರ ಮಟ್ಟಿಗೆ ಅದರಲ್ಲಿ ಅವಮಾನವೇನೂ ಇರಲಿಲ್ಲ. "ಇಷ್ಟು ಹುಡುಕಾಟ ಯಾಕೆ ಅಂತ ಕೇಳ್ತೀರೇನೋ. ಒಂದ್ಸಲ ಮಡದಿಯವರಿಗೆ ಏನೋ ಅಂದುಬಿಟ್ಟಿದ್ರಂತೆ."

ಹಿಂದಕ್ಕೆ ಕರೆಯಲಾಗದಿದ್ದರೆ ಮಾವನನ್ನಾದರೂ ಕುರ್ಚಿಯಿಂದ ಎಬ್ಬಿಸಬೇಕು ಎಂದು ನಾವಿಬ್ಬರೂ ನಿರ್ಧಾರ ಮಾಡಿದೆವು. ಹೊತ್ತು ಸಾಕಷ್ಟಿತ್ತು; ಮಾತು ಇನ್ನೂ ಮೂವತ್ತೆಂಟನೇ ಅಡಿಯಲ್ಲಿತ್ತು. ಮೊದಲು ನಾನು ಹೋದೆ. ಹಿತ್ತಲಲ್ಲಿ ಸೂರಪ್ಪನವರು ನೆಲ ಅಳೆದ ಹಳೇ ಸರಪಳಿ ಇದೆ, ಬಂದು ನೋಡಿ ಎಂದೆ. ಮಾವನ ಕಣ್ಣು ಒಂದು ಕ್ಷಣ ಹೊಳೆಯಿತು, ಆದರೂ ಏಳಲಿಲ್ಲ. ಒಂದು ಗಂಟೆ ಬಿಟ್ಟು ಹೋಗಿ, ಬಸ್ಸು ಬೇಗ ಹೊರಡುತ್ತಂತೆ ಎಂದೆ. "ಹೊರಡ್ಲಿ ಬಿಡವ್ವ, ಎಂಟು ಮೈಲಿ ತಾನೆ, ನಡೀತೀನಿ" ಅಂದರು. ಮೂರನೇ ಸಲಕ್ಕೆ, ಅತ್ತೆಗೆ ತಲೆಸುತ್ತು ಎಂದು ಸುಳ್ಳು ಹೇಳಿದೆ. ಎದ್ದೇಬಿಟ್ಟರು ಪಾಪ, ಅರ್ಧ ಎದ್ದವರು ಹೆಂಡತಿ ಆ ಕಡೆಯಿಂದ ಬುತ್ತಿ ಹಿಡಿದು ದುಡುದುಡು ಬರುತ್ತಿರುವುದನ್ನು ಕಂಡು, ಸಮಾಧಾನವಾಗಿ ಮತ್ತೆ ಕೂತುಕೊಂಡರು. ಮೊದಲೇ ಸರಿಯಾಗಿ ಮಾತಾಡಿಕೊಳ್ಳದೆ ಕೆಲಸಕ್ಕೆ ಇಳಿದದ್ದು ನಮ್ಮದೇ ತಪ್ಪು.

ಅತ್ತೆ ನನಗೆ ಕಣ್ಣಲ್ಲೇ ಸುಮ್ಮನಿರು ಎಂದರು. ತಾವೇ ಹೇಳಿಬಿಡುತ್ತೇನೆ, ಆ ಮಾತು ಬಂದು ಎಲ್ಲರೆದುರು ಹೇಳುವುದಕ್ಕಿಂತ ಅದೇ ಮೇಲು ಎಂದು ದಾರಿಯಲ್ಲಿ ಗಟ್ಟಿಮನಸ್ಸು ಮಾಡಿಕೊಂಡು ಬಂದಿದ್ದರು. ಗಂಡನ ಪಕ್ಕದಲ್ಲಿ ನೆಲದ ಮೇಲೆ ಕೂತು ಬುತ್ತಿ ಬಿಚ್ಚಿ ಚಿತ್ರಾನ್ನ ಬಡಿಸಿದರು.

"ರೀ, ಒಂದು ವಿಷಯ ಹೇಳ್ಬೇಕಿತ್ತು."

"ನಾನೂ ಒಂದು ಹೇಳ್ತೀನಿ ತಾಳು" ಎಂದು ಮಾವ ತುತ್ತು ನುಂಗಿದರು. "ನಿಂಗಿದು ಗೊತ್ತಿಲ್ಲ. ನಿಮ್ಮನೆಗೆ ಬರೋ ಮುಂಚೆ ಇನ್ನೆರಡು ಮನೇಲಿ ಕೂತಿದ್ದೆ ನಾನು. ಎರಡು ಕಡೆನೂ ಬಂದಿದ್ದು 'ಬೇಡ'. ಎರಡನೇ ಮನೇಲಿ ಹೇಳಿದ್ಮೇಲೆ ಕಿಸಕ್ಕನೆ ನಕ್ಕಿದ್ಲು, ಅದೂ ನಡ್ಕೊಂಡು ಬಂತು. ನಮ್ಮಪ್ಪ, ಇವನಿಗೆ ಇದೇ ಕೊನೆ, ಆಮೇಲೆ ನಾನು ಯಾರ ಮನೆಗೂ ಬರಲ್ಲ ಅಂದ್ಬಿಟ್ಟಿದ್ರು. ನಿಮ್ಮ ಹಜಾರದಲ್ಲಿ ನಾನು ಹೇಗೆ ಕೂತಿದ್ದೆ ಅಂತ ನನಗೇ ಗೊತ್ತು. ಆವಾಗ 'ಆಗಲಿ' ಅಂತ ಬಂತು ನೋಡು, ನನ್ನನ್ನೂ ಬೇಕು ಅನ್ನೋರು ಒಬ್ಬರಿದಾರೆ ಅಂತ..." ಅಷ್ಟು ಹೇಳಿ ಇನ್ನೊಂದು ತುತ್ತು ತಿಂದರು. "ಅದಕ್ಕೇ ಎಲ್ರಿಗೂ ಹೇಳ್ಕೊಂಡು ತಿರುಗೋದು. ನಿಂಗೆ ಮುಜುಗರ ಆಗತ್ತೆ ಅಂತ ಗೊತ್ತು. ಏನೋ ಹೇಳ್ಬೇಕು ಅಂದ್ಯಲ್ಲ, ಏನದು?"

"ಉಪ್ಪು ಸರಿಯಾಗಿದೆಯಾ ಅಂತ" ಅಂದರು ಅತ್ತೆ.

"ಸರಿಯಾಗಿದೆ" ಅಂದರು ಮಾವ.

ನನಗೆ ಅಳು ಬಂತು. ಅತ್ತೆ ಬುತ್ತಿಯ ಮುಚ್ಚಳವನ್ನು ಎಷ್ಟು ಸಲ ಹಾಕಿ ತೆಗೆದರೋ ಲೆಕ್ಕವಿಲ್ಲ. ಮೂವತ್ತನಾಲ್ಕು ವರ್ಷ ಅವರು ಈ ಮನುಷ್ಯನ ಜೊತೆ ಚೆನ್ನಾಗಿಯೇ ಬಾಳಿದ್ದರು. ಜ್ವರ ಬಂದಾಗ ಗಂಜಿ ಕಾಯಿಸಿಕೊಟ್ಟ ಮನುಷ್ಯ, ಒಂದು ದಿನವೂ ಎತ್ತಿದ ದನಿಯಲ್ಲಿ ಮಾತಾಡದ ಮನುಷ್ಯ. ಆದರೂ ಆ ಕಥೆ ಕೇಳಿದಾಗಲೆಲ್ಲ, ತನ್ನದಲ್ಲದ ಸೀರೆ ಉಟ್ಟು ಹೊಗಳಿಸಿಕೊಂಡ ಹಾಗೆ ಅವರಿಗೆ ಇರಿಸುಮುರಿಸು ಆಗುತ್ತಿತ್ತಂತೆ. ಇದನ್ನು ನನಗೆ ಆಮೇಲೆ ಹೇಳಿದರು.

ಒಂದೂವರೆಗೆ ಎಲ್ಲರೂ ಬಂದು ಕುರ್ಚಿಯ ಸುತ್ತ ನೆರೆದರು. ಮೊದಲು "ರೈಟ್ ರೈಟ್" ಬಂತು, ಜನ ಚಪ್ಪಾಳೆ ತಟ್ಟಿದರು. ಅಜ್ಜಿಯ ಹೆಸರು ಬಂತು, ವಿಳಾಸ ಬಂತು, ಅಜ್ಜಿ ತಮ್ಮ ಮನೆ ನಂಬರು ಸರಿಯಾಗಿದೆಯೆಂದು ಒಪ್ಪಿದರು. ಮಾವ ಕೊಡೆಯನ್ನು ಎರಡು ಮೊಣಕಾಲ ನಡುವೆ ಊರಿ, ನೆಟ್ಟಗೆ ಕೂತು, ಎಲ್ಲರಿಗೂ ಸುಮ್ಮನಿರುವಂತೆ ಕೈ ಮಾಡಿದರು. ಅತ್ತೆ ಅವರ ಭುಜದ ಮೇಲೆ ಕೈಯಿಟ್ಟು ನಿಂತಿದ್ದರು.

ಮಾತು ಬಂತು. ಹೊರಟಾಗ ಎಷ್ಟು ಖಡಕ್ಕಾಗಿತ್ತೋ ಅಷ್ಟೇ ಖಡಕ್ಕಾಗಿ, ಒಂದಕ್ಷರವೂ ಸವೆಯದೆ ಬಂತು.

ಕಂಡಕ್ಟರ್ ತನ್ನ ಸೀಟಿಯನ್ನು ನೋಡಿಕೊಳ್ಳತೊಡಗಿದ. ಮಾವ ಮೆಲ್ಲನೆ ಎದ್ದರು. ಅತ್ತೆ "ರೀ" ಅಂದರು. ಮಾವ ತಿರುಗಿ ನೋಡದೆ ಪಡಸಾಲೆಯಲ್ಲಿ ನಡೆದುಹೋದರು, ಎಂದೂ ಇಲ್ಲದ್ದು ಕೊಡೆಯನ್ನು ಕುರ್ಚಿಯ ಹತ್ತಿರವೇ ಬಿಟ್ಟು. ಅತ್ತೆ ಆ ಕುರ್ಚಿಯಲ್ಲೇ ಕೂತರು. ಅಷ್ಟು ದೂರ ಹೋದ ಮೇಲೆ ಮಾವ ಹೊರಗೆ ಹೋಗುತ್ತಾರೆ ಅಂದುಕೊಂಡೆವು. ಹೋಗಲಿಲ್ಲ. ಹಿತ್ತಾಳೆ ತಗಡಿನ ಮೇಲೆ ಹತ್ತಿ ನಮ್ಮ ಕಡೆ ತಿರುಗಿ ನಿಂತರು. ಏನೋ ಹೇಳಿದರೆಂದು ಕಾಣುತ್ತದೆ, ಕೈ ಒಂದು ಸಲ ಮೇಲೆ ಹೋಗಿ ಕೆಳಗೆ ಬಂತು. ಆಮೇಲೆ ಅಲ್ಲೇ ಗೋಡೆಗೊರಗಿ ನೆಲದ ಮೇಲೆ ಕೂತರು. ಗಂಟೆ ಎರಡಾಗಿತ್ತು.

"ಆರು ಗಂಟೆಗೆ ತಲುಪುತ್ತೆ" ಎಂದು ಚೆನ್ನವೀರಯ್ಯ ಗಡಿಯಾರ ನೋಡಿ ಪಿಸುಗುಟ್ಟಿದರು.

ಬಸ್ಸು ಹೊರಡುವುದು ನಾಲ್ಕಕ್ಕೆ. ನಾನು ಅತ್ತೆಯ ಕಿವಿಯಲ್ಲಿ ಹೇಳಿದೆ, "ಎದುರು ಹೋಗಿ ಕೇಳಿಸ್ಕೊಂಡು ಬಂದ್ಬಿಡೋಣ ಅತ್ತೆ, ಎರಡು ನಿಮಿಷದ ಕೆಲಸ."

"ಅವರು ಆವತ್ತು ಎದುರು ಬರಲಿಲ್ಲ. ಇವತ್ತೂ ಬರಲಿಲ್ಲ. ನಾನೂ ಹೋಗಲ್ಲ" ಎಂದು ಅತ್ತೆ ನನ್ನ ಮಣಿಕಟ್ಟು ಹಿಡಿದುಕೊಂಡರು. ನಾನು ಕದ್ದು ಹೋಗಿ ಕೇಳಿಬಿಡುತ್ತೇನೆಂದು ಅವರಿಗೆ ಅನುಮಾನ. ಅನುಮಾನ ಸರಿಯಾಗಿಯೇ ಇತ್ತು.

ಬಸ್ಸು ನಮ್ಮ ಮೂವರನ್ನು ಬಿಟ್ಟು ಹೊರಟಿತು. ಊರಿನವರಿಗೆ ಇಳಿದುಕೊಳ್ಳುವ ಆಸೆ ಬಹಳ ಇತ್ತು, ಕಂಡಕ್ಟರ್ ಬಾಗಿಲಿಗೆ ಅಡ್ಡ ನಿಂತ. ಏಳು ಗಂಟೆಗೆ ಹಾಲಿನ ವ್ಯಾನು ಬರುತ್ತದೆ, ಅದರಲ್ಲಿ ಹೋಗಬಹುದು ಎಂದರು ಚೆನ್ನವೀರಯ್ಯ. ಅತ್ತೆ ಕುರ್ಚಿಯ ತುದಿಯಲ್ಲಿ ಕೂತು ಕಾದರು. ನಾಲ್ಕೂವರೆಗೆ, "ನಮ್ಮಣ್ಣನ ಮನೆಗೆ ಹೋಗು ಅಂತಿರ್ಬೇಕು" ಅಂದರು. ಐದಕ್ಕೆ, "ಹಾಗನ್ನೋರಲ್ಲ ಅವರು" ಅಂದರು. ಐದೂವರೆಗೆ ಬೆವರು ಒರೆಸಿಕೊಂಡರು. "ಇಷ್ಟು ಕಷ್ಟ ಅಂತ ಗೊತ್ತಿರಲಿಲ್ಲ ಕಣೇ. ಬರೀ ಕೂತ್ಕೊಳೋದು ತಾನೆ ಅಂದ್ಕೊಂಡಿದ್ದೆ." ಗಾಜಿನ ಹೆಂಚಿನ ಬೆಳಕು ಹಳದಿಯಾಗಿ, ಆ ತುದಿಯಲ್ಲಿ ಮಾವ ಸರಿಯಾಗಿ ಕಾಣದಾದರು.

ಆರು ಗಂಟೆಗೆ ಮಾತು ಬಂತು. ಮಾವನ ದನಿ ಅಷ್ಟು ಮೆತ್ತಗಾಗಿದ್ದನ್ನು ನಾನು ಕೇಳಿರಲಿಲ್ಲ.

"ನಾಗೂ, ನಾನು ಸಿದ್ದಪ್ಪ. ಇಷ್ಟು ವರ್ಷ ನೀನು ಹೇಳಿದ್ದೆ ಅಂದ್ಕೊಂಡಿದ್ದೆ. ನಿನ್ನನ್ನ ಯಾರೂ ಕೇಳೇ ಇಲ್ಲ ಅಂತ ಈಗ ತಿಳೀತು. ಈಗ ನಾನು ಕೇಳ್ತಿದೀನಿ. ನನ್ನನ್ನ ಮದುವೆ ಆಗ್ತೀಯಾ? ಇಲ್ಲ ಅಂದ್ರೂ ಪರವಾಗಿಲ್ಲ. ಈ ಸಲ ನೀನೇ ಹೇಳು."

ಅತ್ತೆ ಕೂತಲ್ಲೇ ಉತ್ತರ ಕೊಡಬಹುದಿತ್ತು, ಅದು ಅಲ್ಲಿ ಸೇರುವಾಗ ರಾತ್ರಿ ಹತ್ತಾಗುತ್ತಿತ್ತು. ಅವರು ಕಣ್ಣೊರೆಸಿಕೊಂಡು ಎದ್ದರು. ಕೊಡೆ ಎತ್ತಿಕೊಂಡರು. ಸೀರೆಯ ನೆರಿಗೆ ಸರಿಮಾಡಿಕೊಂಡು ಮುನ್ನೂರರಿಂದ ಒಂದರವರೆಗೆ ಎಲ್ಲ ನಂಬರು ದಾಟಿ ನಡೆದರು. ನಾನು ಅವರ ಬೆನ್ನಿಗೇ ಅಂಟಿಕೊಂಡು ನಡೆದೆ, ಸುಳ್ಳು ಯಾಕೆ ಹೇಳಲಿ, ಒಂದು ಮಾರಿನ ಒಳಗೇ ಇದ್ದೆ. ಮಾವ ಗೋಡೆ ಹಿಡಿದು ಎದ್ದು ನಿಂತರು. ಅತ್ತೆ ಅವರೆದುರು ನಿಂತು, ಕೊಡೆ ಕೈಗೆ ಕೊಟ್ಟು, ಗಂಟಲು ಸರಿಮಾಡಿಕೊಂಡರು.

"ಯೋಚನೆ ಮಾಡಿ ಹೇಳ್ತೀನಿ" ಅಂದರು.

ಮಾವನ ಮುಖದಲ್ಲಿ ಮೊದಲು ಗಾಬರಿ, ಆಮೇಲೆ ಏನೋ ಅರ್ಥವಾದ ಹಾಗೆ ಒಂದು ನಗು. "ಎಷ್ಟು ದಿನ ಬೇಕಾಗತ್ತೆ?" ಎಂದು ಬಹಳ ವಿನಯದಿಂದ ಕೇಳಿದರು.

"ಹುಡುಗನಿಗೆ ಅವಸರ ಮಾಡ್ಬೇಡ ಅನ್ನು ದಾಕ್ಷಿ" ಅಂದರು ಅತ್ತೆ.

ಹಾಲಿನ ವ್ಯಾನು ಬಂತು. ಡ್ರೈವರಿನ ಪಕ್ಕದಲ್ಲಿ ನಾನು, ಕಿಟಕಿಗೆ ಅತ್ತೆ. ಮಾವ ತಾವಾಗಿಯೇ ಹಿಂದೆ ಖಾಲಿ ಕ್ಯಾನುಗಳ ನಡುವೆ ಹತ್ತಿ ಕೂತರು, ಮದುವೆಗೆ ಮುಂಚೆ ಒಟ್ಟಿಗೆ ಕೂರುವುದು ಚೆನ್ನಾಗಿರುವುದಿಲ್ಲವೆಂದು. ಎಂಟು ಮೈಲಿಯೂ ಅತ್ತೆ ಹೊರಗೆ ನೋಡುತ್ತ ಯೋಚನೆ ಮಾಡಿದರು. ಅಷ್ಟು ಸಂತೋಷವಾಗಿ ಯೋಚನೆ ಮಾಡುವವರನ್ನು ನಾನು ಬೇರೆಲ್ಲೂ ನೋಡಿಲ್ಲ.